ಮಳೆ ಬಂದಾಗ ಹಿಂದಕ್ಕೆ ಹರಿದ ಬಚ್ಚಲ ನೀರು

ಓವರಸಿಯರ್ ಆಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಈಗಲೂ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಬಂದವರು ಯಾವ ಸೇತುವೆ ಕಟ್ಟಿದಿರಿ, ಯಾವ ಕೆರೆ ಕಟ್ಟಿದಿರಿ ಎಂದು ಕೇಳುತ್ತಾರೆ. ನಾನು ಗಟಾರದ ಮಾತು ತೆಗೆದರೆ ಅವರ ಮುಖ ಸಣ್ಣದಾಗುತ್ತದೆ. ಏನು ಮಾಡಲಿ, ನನ್ನ ನೌಕರಿಯ ಹೆಚ್ಚಿನ ಭಾಗ ಕಳೆದದ್ದು ಗಟಾರದ ದಂಡೆಯ ಮೇಲೆಯೇ. ಸೇತುವೆ ಕಟ್ಟಿದವನಿಗೆ ಜನ ಒಂದು ದಿನ ಹಾರ ಹಾಕುತ್ತಾರೆ. ಬಚ್ಚಲ ನೀರು ಸರಿಯಾಗಿ ಹರಿಯುವಂತೆ ಮಾಡಿದವನನ್ನು ಆ ಮನೆಯ ಹೆಣ್ಣುಮಕ್ಕಳು ಬದುಕಿರುವ ತನಕ ಮರೆಯುವುದಿಲ್ಲ. ನನಗೆ ಸಿಕ್ಕ ಮಾನಮರ್ಯಾದೆಯೆಲ್ಲ ಈ ಎರಡನೆಯ ಜಾತಿಯದು.

ಆಗಿನ್ನೂ ನಾವು ಮುಂಬೈ ಸರಕಾರದ ನೌಕರರು. ನನ್ನನ್ನು ಮೊದಲು ಹಾಕಿದ್ದು ಗಜೇಂದ್ರಗಡಕ್ಕೆ. ಊರ ಬೆನ್ನಿಗೇ ಗುಡ್ಡ, ಎಲ್ಲಿ ಹಾರೆ ಹಾಕಿದರೂ ಕಲ್ಲು. ಅಲ್ಲಿ ಗಟಾರ ತೋಡುವುದು ಎಂದರೆ ಬಂಡೆಯೊಡನೆ ಜಗಳ ಆಡಿದ ಹಾಗೆ. ಆದರೆ ಒಮ್ಮೆ ತೋಡಿದರೆ ಮುಗಿಯಿತು; ಮೊಮ್ಮಕ್ಕಳ ಕಾಲಕ್ಕೂ ಅದು ಕದಲುವುದಿಲ್ಲ.

ಆ ಊರಿನಲ್ಲಿ ಫಕೀರಪ್ಪ ಎಂಬ ಗುತ್ತಿಗೆದಾರನಿದ್ದ. ಗೌಂಡಿ ಕೆಲಸ ಮಾಡುತ್ತಲೇ ಗುತ್ತಿಗೆ ಹಿಡಿಯುವಷ್ಟು ಬೆಳೆದವನು. ಕೈಕೆಳಗೆ ಆಳುಗಳಿದ್ದರೂ ಕೊನೆಯ ಕಲ್ಲನ್ನು ತಾನೇ ಕೂರಿಸಬೇಕು. ಗಟಾರ ಮುಗಿದ ದಿನ ಮೇಲಿನ ತುದಿಯಲ್ಲಿ ಒಂದು ಕೊಡ ನೀರು ಸುರಿದು, ಧೋತರ ಎತ್ತಿ ಕಟ್ಟಿಕೊಂಡು, ಆ ನೀರಿನ ಜೊತೆಗೇ ಕೆಳಗಿನ ತುದಿಯ ತನಕ ನಡೆದು ಬರುತ್ತಿದ್ದ. ಏನಿದು ಎಂದು ಒಮ್ಮೆ ಕೇಳಿದೆ.

“ಸಾಹೇಬ್ರ, ಗಟಾರದಾಗ ನೀರು ಓಡಬಾರ್ದು, ನಿಂದರಬಾರ್ದು. ಹೊಸಾ ಸೊಸಿ ನಡದಂಗ ನಡೀಬೇಕು. ಅದಕ್ಕ ಜೋಡೀಲೆ ನಡದು ನೋಡ್ತೀನಿ,” ಅಂದ.

ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ನನ್ನನ್ನು ರೋಣಕ್ಕೆ ಹಾಕಿದಾಗ ಮೊದಲು ನನ್ನ ಮೇಜಿಗೆ ಬಂದ ತಕರಾರು ಇದೇ ಫಕೀರಪ್ಪನ ಮೇಲಿನದು.

ತಕರಾರು ಕೊಟ್ಟವರು ಸುಂದರಾಬಾಯಿ. ಹುಬ್ಬಳ್ಳಿಯಲ್ಲಿ ನರ್ಸಿನ ಕೆಲಸ ಕಲಿತು ಬಂದವರು. ಅವರ ಯಜಮಾನರು ನರೇಗಲ್ಲಿನಲ್ಲಿ ಮಾಸ್ತರರು, ಶನಿವಾರ ಸಂಜೆ ಬಂದು ಸೋಮವಾರ ಹೋಗುವವರು. ಬಾಯಿಯವರು ರೋಣದಲ್ಲಿ ಹೊಸ ಮನೆ ಕಟ್ಟಿಸಿ, ಹಿಂಬದಿಯ ಒಂದು ಖೋಲಿಯನ್ನು ಹೆರಿಗೆಗಾಗಿಯೇ ಇಟ್ಟಿದ್ದರು. ಆ ದಿನಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಹಡೆಯುತ್ತಿದ್ದದ್ದು ಮನೆಯ ಅತ್ಯಂತ ಕತ್ತಲೆಯ ಮೂಲೆಯಲ್ಲಿ. ಬಾಯಿಯವರ ಖೋಲಿಗೆ ಎರಡು ದೊಡ್ಡ ಕಿಟಕಿ, ಶಹಾಬಾದಿ ಕಲ್ಲಿನ ನೆಲ, ಮೂಲೆಯಲ್ಲಿ ಬಚ್ಚಲು. ಬಚ್ಚಲ ನೀರು ಪೈಪಿನಲ್ಲಿ ಹಿತ್ತಲು ದಾಟಿ ಹಿಂದಿನ ಓಣಿಯ ಗಟಾರಕ್ಕೆ ಬೀಳಬೇಕು. ರೋಣದಲ್ಲಿ ಅಂಥ ಖೋಲಿ ಅದೇ ಮೊದಲು. ಫಕೀರಪ್ಪನ ಹೆಸರು ಕೇಳಿ ಗಜೇಂದ್ರಗಡದಿಂದ ಅವನನ್ನೇ ಕರೆಸಿದ್ದರು. ಅವನು ಬೇಸಿಗೆಯಲ್ಲಿ ಕೆಲಸ ಮುಗಿಸಿ ಹೋಗಿದ್ದ.

ಆ ವರ್ಷದ ಶ್ರಾವಣದಲ್ಲಿ ಮಳೆ ಜಡಿ ಹಿಡಿದಾಗ ಅಸೂಟಿಯಿಂದ ಒಬ್ಬ ಹುಡುಗಿಯನ್ನು ಚೊಚ್ಚಲ ಹೆರಿಗೆಗೆ ಕರೆತಂದರು. ಹುಡುಗಿ ಬೇನೆ ತಿನ್ನುತ್ತಿದ್ದಾಗಲೇ ಬಚ್ಚಲಿನ ಕಿಂಡಿಯಿಂದ ಕೊಳೆ ನೀರು ಬುಗುಬುಗು ಎಂದು ಮೇಲೆ ಬಂದು ಖೋಲಿಯ ತುಂಬ ಹರಡಿತು. ಬಾಯಿಯವರು ಹುಡುಗಿಯನ್ನು ತೋಳಲ್ಲಿ ಎತ್ತಿಕೊಂಡು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಹಡೆಸಿದರು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಮಾತು ಊರಿಂದೂರಿಗೆ ಹೋಯಿತು: ನರ್ಸಬಾಯಾರ ಹೊಸ ಮನೆಗೆ ದೋಷ ಐತಿ, ನೆಲದಿಂದ ನೀರು ಏಳತೈತಿ, ಅಲ್ಲಿ ಬಾಣಂತನ ಬ್ಯಾಡ. ಬರುವವರು ನಿಂತರು. ಹೆಣ್ಣುಮಕ್ಕಳು ಮತ್ತೆ ಕತ್ತಲೆಯ ಮೂಲೆಗೆ ಹೋದರು.

ಫಕೀರಪ್ಪನಿಗೆ ಹೇಳಿ ಕಳಿಸಿದರು. ಅವನು ಬರುವ ಹೊತ್ತಿಗೆ ದೀಪಾವಳಿ ದಾಟಿತ್ತು, ನೆಲ ಒಣಗಿತ್ತು. ಕೊಡಗಟ್ಟಲೆ ನೀರು ಹಾಕಿ ತೋರಿಸಿದ. ಎಲ್ಲವೂ ಸರಸರ ಹರಿದು ಗಟಾರ ಸೇರಿತು. “ಬಾಣಂತಿ ಅರಿವಿ ಒಳಗ ತುರುಕಿರ್ತೀರಿ, ಕಟ್ಟಿರ್ತೈತಿ,” ಎಂದು ಹೇಳಿ ಹೋದ. ಬಾಯಿಯವರು ಆ ಮಾತಿಗೆ ಉರಿದೆದ್ದರು. ಫಕೀರಪ್ಪ ಮೋಸಗಾರ ಎಂದು ಸಂತೆಯಲ್ಲಿ ನಿಂತು ಹೇಳಿದರು. ಅದರಿಂದ ಅವನಿಗೆ ರೋಣದಲ್ಲಿ ಬರಬೇಕಿದ್ದ ಕೆಲಸಗಳು ಕೈಬಿಟ್ಟು ಹೋದವು. ಅವನೂ ಬಾಯಿ ಸುಳ್ಳುಗಾತಿ ಎಂದು ಹೇಳತೊಡಗಿದ.

ನೀರು ಸರಕಾರಿ ಗಟಾರಕ್ಕೆ ಬೀಳುತ್ತಿದ್ದುದರಿಂದ ತಕರಾರು ನಮ್ಮ ಕಚೇರಿಗೆ ಬಂತು. ನಮ್ಮ ಹಿರಿಯ ಸಾಹೇಬರು ಬೆಳಗಾವಿ ಕಡೆಯವರು. ಮನುಷ್ಯ ಒಳ್ಳೆಯವರು, ಆದರೆ ನೋಟೀಸಿನ ಮೇಲೆ ಅವರಿಗೆ ಅಪಾರ ಭಕ್ತಿ. ನೋಟೀಸು ಕೊಟ್ಟರೆ ಹಳ್ಳವೂ ದಾರಿ ಬದಲಿಸುತ್ತದೆ ಎಂದು ನಂಬಿದವರು.

“ಇಬ್ಬರೊಳಗ ಒಬ್ಬರು ಸುಳ್ಳು ಹೇಳಾಕತ್ತಾರ. ಯಾರು ಅಂತ ನೋಡಿ ಬರ್ರಿ. ಅವರಿಗೆ ನೋಟೀಸು ತಯಾರ ಮಾಡೋಣ,” ಎಂದು ನನ್ನನ್ನು ಕಳಿಸಿದರು.

ಉರಿ ಬೇಸಿಗೆ. ಫಕೀರಪ್ಪನನ್ನೂ ಬರಹೇಳಿದ್ದೆ. ನಾನೇ ನೀರು ಹಾಕಿ ನೋಡಿದೆ, ಚೆನ್ನಾಗಿ ಹರಿಯಿತು. ರಸಮಟ್ಟ ಇಟ್ಟು ಇಳಿಜಾರು ನೋಡಿದೆ; ಅದೂ ಸರಿಯಾಗಿತ್ತು. ಫಕೀರಪ್ಪ ಎದೆ ಉಬ್ಬಿಸಿ ನಿಂತ.

ಬಾಯಿಯವರು ನನ್ನ ಕಡೆ ತಿರುಗಿದರು. “ಅಂವ ಬಂದಾಗೆಲ್ಲಾ ಸೀದಾ ಹರೀತೈತಿ. ಈಗ ನೀವು ಬಂದ್ರಿ, ನಿಮಗೂ ಸೀದಾ ಹರೀತು. ಗಂಡಸರ ಮಾರಿ ನೋಡಿ ಅಂಜತೈತೇನ್ರಿ ಈ ನೀರು? ಶ್ರಾವಣದಾಗ ಬರ್ರಿ ಸಾಹೇಬ್ರ, ಮಣಕಾಲತನಕ ಧೋತರ ಎತ್ತಿಕೊಂಡು ನಿಂದರೂ ಹಂಗ ಆಗ್ತೈತಿ!”

“ಅಲ್ರಿ ಬಾಯಾರ,” ಎಂದ ಫಕೀರಪ್ಪ, “ನೀರು ಇಳಿಜಾರ ಬಿಟ್ಟು ಏರ ಹತ್ತೂದು ಎಲ್ಲೆರ ಐತೇನು? ಮಳಿಗಾಲಕ್ಕೊಂದು, ಬ್ಯಾಸಗಿಗೊಂದು ನಡೀಲಿಕ್ಕೆ ನೀರಿಗೇನು ಬುದ್ಧಿ ಕೆಟ್ಟೈತೇನು?”

ನನಗೆ ದಿಕ್ಕು ತೋಚಲಿಲ್ಲ. ಫಕೀರಪ್ಪನ ಕೆಲಸ ಎಂಥದೆಂದು ನಾನು ಕಣ್ಣಾರೆ ಕಂಡವನು. ಇತ್ತ ಬಾಯಿಯವರ ಕಣ್ಣಲ್ಲಿದ್ದದ್ದು ಸುಳ್ಳು ಹೇಳುವವರ ಸಿಟ್ಟಲ್ಲ. ತಲೆ ಕೆರೆದುಕೊಳ್ಳುತ್ತ ಹಿತ್ತಲ ಬಾಗಿಲಿನಿಂದ ಹೊರಬಿದ್ದೆ.

ಆ ಬಾಗಿಲು ತಗಡಿನದು. ಮನೆಯ ಗೋಡೆಗೇ ಜೋಡಿಸಿದ ಬಿಜಾಗರಿಯ ಮೇಲೆ ತೂಗುತ್ತಿತ್ತು. ಕೆಳಗೆ ಹಾಸಿದ ಕಲ್ಲಿನ ಮೇಲೆ ತಗಡು ಉಜ್ಜಿ ಉಜ್ಜಿ ಬಿಲ್ಲಿನ ಆಕಾರದ ಗೀರು ಬಿದ್ದಿತ್ತು. ಆದರೆ ನಾನು ತೆರೆದಾಗ ಬಾಗಿಲು ಎಲ್ಲಿಯೂ ಉಜ್ಜಲಿಲ್ಲ. ಕಲ್ಲಿಗೂ ತಗಡಿಗೂ ನಡುವೆ ನನ್ನ ಬೆರಳು ಸಲೀಸಾಗಿ ಹೋಯಿತು.

“ಬಾಯಾರ, ಈ ಗೀರು ಯಾವಾಗ ಬಿತ್ರಿ?”

“ಮಳಿಗಾಲದಾಗ್ರಿ. ಆವಾಗ ಅದು ಸರಿಯಂಗಿಲ್ಲ. ಹೆಗಲು ಕೊಟ್ಟು ದೂಡಬೇಕು. ಮಳ್ಯಾಗ ಬಾಗಲಾ ಉಬ್ಬತಾವಲ್ರಿ.”

ಕಟ್ಟಿಗೆಯ ಬಾಗಿಲು ಉಬ್ಬುತ್ತದೆ, ನಿಜ. ತಗಡು ಉಬ್ಬುವುದಿಲ್ಲ. ಮನೆಯ ಗೋಡೆ ಇಳಿಯಿತೇ? ಅದರ ತಳಪಾಯ ಕೆಳಗಿನ ಗರಸಿನ, ಎಂದರೆ ಗಟ್ಟಿ ಕಲ್ಲುಮಣ್ಣಿನ, ಮೇಲೆ ಕೂತಿದೆ. ಉಳಿದದ್ದು ಒಂದೇ, ಹಾಸಿದ ಕಲ್ಲು. ಅದು ಕೂತಿರುವುದು ಎರೆಮಣ್ಣಿನ ಮೇಲೆ. ನಾನು ಅಲ್ಲಿಯೇ ಬಾಗಿ ಹಿತ್ತಲ ನೆಲ ನೋಡಿದೆ. ಬೇಸಿಗೆಗೆ ಅದು ಕೈ ಹೋಗುವಷ್ಟು ಅಗಲ ಬಿರಿದು ಬಾಯಿಬಿಟ್ಟಿತ್ತು. ಮಳೆ ಬಿದ್ದರೆ ಈ ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಮಣ್ಣು ನೀರು ಕುಡಿದು ಉಬ್ಬುತ್ತದೆ, ನೆಲವೇ ಮೇಲೇಳುತ್ತದೆ. ಹಾಸುಗಲ್ಲನ್ನು ಎತ್ತಿದ ನೆಲ ಪೈಪನ್ನು ಎತ್ತದೆ ಬಿಟ್ಟೀತೇ? ಮನೆಯೊಳಗಿನ ತುದಿ ಒಣ ನೆಲದಲ್ಲಿ ಇದ್ದಲ್ಲೇ ಇರುತ್ತದೆ. ಹಿತ್ತಲಿನ ತುದಿ ಮಳೆಯಲ್ಲಿ ಏಳುತ್ತದೆ. ಇಳಿಜಾರು ತಿರುವುಮುರುವು, ಗಟಾರದ ನೀರು ಪೈಪಿನಲ್ಲಿ ಹಿಂದಕ್ಕೆ! ಬೇಸಿಗೆ ಬಂದೊಡನೆ ಮಣ್ಣು ಕುಗ್ಗಿ, ಪೈಪು ಏನೂ ಆಗದವರ ಹಾಗೆ ತನ್ನ ಜಾಗಕ್ಕೆ ಬಂದು ಮಲಗುತ್ತದೆ.

ಕಾರಣ ನನಗೆ ಸಿಕ್ಕಿತು. ಆದರೆ ಬಾಯಿಮಾತಿನಲ್ಲಿ ಹೇಳಿದರೆ ಗುಡ್ಡದ ಊರಿನ ಫಕೀರಪ್ಪ ನಂಬುವವನಲ್ಲ. ಕಣ್ಣಿಗೆ ಕಾಣಬೇಕು. ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿದೆ.

“ಮಳಿ ಬರೂತನಕ ನನಗ ವ್ಯಾಳ್ಯಾ ಕೊಡ್ರಿ. ಅಲ್ಲೀತನಕ ಸಂತ್ಯಾಗ ಒಬ್ರ ಹೆಸರು ಒಬ್ರು ತಗೀಬ್ಯಾಡ್ರಿ,” ಎಂದೆ.

ಫಕೀರಪ್ಪನ ಕೈಯಿಂದಲೇ ಮನೆಯ ತಳಪಾಯದ ಕಲ್ಲಿಗೆ ಉಳಿಯಿಂದ ಒಂದು ಗುರುತು ಹಾಕಿಸಿದೆ. ಆ ಗುರುತಿನಿಂದ ಪೈಪಿನ ಹೊರತುದಿಯ ಮೇಲಕ್ಕೆ ದಾರ ಎಳೆದು, ರಸಮಟ್ಟದಿಂದ ಸಮ ಮಾಡಿ, ದಾರಕ್ಕೂ ಪೈಪಿಗೂ ನಡುವಿನ ಅಂತರಕ್ಕೆ ಸರಿಯಾಗಿ ಒಂದು ಬಿದಿರ ಕೋಲು ಕತ್ತರಿಸಿದೆವು. ಕೋಲಿನ ಎರಡೂ ತುದಿಗೆ ಫಕೀರಪ್ಪ ತನ್ನ ಗೀರು ಹಾಕಿದ. ಬಾಯಿಯವರು ಅದನ್ನು ದೇವರ ಜಗಲಿಯ ಮೇಲಿಟ್ಟರು.

ಸಾಹೇಬರಿಗೆ ಇದು ಸೇರಲಿಲ್ಲ. “ನೋಟೀಸು ಕೊಡಲಿಕ್ಕೂ ಮಳಿ ಹಾದಿ ನೋಡಬೇಕೇನು?” ಎಂದು ಗದರಿದರು.

ಆ ವರ್ಷ ಮಳೆಯೂ ಸತಾಯಿಸಿತು. ರೋಹಿಣಿ ಮಳೆ ಒಣಗಿ ಹೋಯಿತು, ಮಿರಗ ಮಳೆ ಮೋಡ ತೋರಿಸಿ ಹೋಯಿತು. ಓಣಿಯಲ್ಲಿ ಬಾಯಿಯವರ ಎದುರು ಹಾಯುವಾಗ ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ. ಖಾಲಿ ಖೋಲಿಯ ಕಿಟಕಿಗಳನ್ನು ಅವರು ದಿನಾ ಒರೆಸುವುದು ಕಾಣುತ್ತಿತ್ತು. ಒಬ್ಬಳು ಬಸುರಿಯೂ ಬರುತ್ತಿರಲಿಲ್ಲ. ಕೊನೆಗೆ ಮಳೆ ಬಂತು. ಬಂದದ್ದು ದಿನಗಟ್ಟಲೆ ಬಿಡಲಿಲ್ಲ. ಒಂದು ಬೆಳಿಗ್ಗೆ ಬಾಯಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಚೇರಿಗೇ ಬಂದರು.

“ಬರ್ರಿ ಸಾಹೇಬ್ರ. ನಿಮ್ಮ ನೀರು ಬಂದೈತಿ.”

ಹೋಗಿ ನೋಡಿದರೆ ಕಿಂಡಿಯಿಂದ ನೀರು ಮೇಲೇರಿ ಖೋಲಿಯ ಅರ್ಧ ನೆಲ ಮುಚ್ಚಿತ್ತು. ಅಷ್ಟು ಹೊಲಸು ನೀರು ಕಂಡು ಅಷ್ಟು ಸಂತೋಷಪಟ್ಟ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಆದರೆ ಕೋಲನ್ನು ಮುಟ್ಟಲಿಲ್ಲ. ಫಕೀರಪ್ಪನಿಲ್ಲದೆ ಅಳೆದರೆ ಏನು ಬಂತು? ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದೆ.

ಮರುದಿನ ಮಧ್ಯಾಹ್ನ ಫಕೀರಪ್ಪ ಬಂದ. ದಾರಿಯಲ್ಲಿ ಬಸ್ಸು ಕೆಸರಿನಲ್ಲಿ ಹೂತು, ಉಳಿದ ಹಾದಿ ನಡೆದೇ ಬಂದಿದ್ದ. ಎರೆಮಣ್ಣು ಕಾಲಿಗೆ ಮೆತ್ತಿ ಮೆತ್ತಿ ಆನೆಯ ಪಾದ ಆಗಿತ್ತು. “ಏನ್ ಮಣ್ರೀ ಇದು, ಮನಶ್ಯಾನ್ನ ಹಿಡದ ಎಳೀತೈತಿ!” ಎಂದು ಬೈಯುತ್ತಲೇ ಒಳಗೆ ಬಂದ. ಖೋಲಿಯ ನೀರು ನೋಡಿ ಸೀದಾ ಹಿತ್ತಲಿಗೆ ನಡೆದ.

ಅವನೇ ದಾರ ಎಳೆದ. ಅವನೇ ರಸಮಟ್ಟ ಹಿಡಿದ. ಬಾಯಿಯವರು ಜಗಲಿಯಿಂದ ಕೋಲು ತಂದು ಅವನ ಕೈಗೆ ಕೊಟ್ಟರು. ತುದಿಯ ಗೀರುಗಳನ್ನು ಅವನು ಉಗುರಿನಿಂದ ಮುಟ್ಟಿ ನೋಡಿಕೊಂಡ, ತನ್ನವೇ. ಕೋಲನ್ನು ದಾರಕ್ಕೂ ಪೈಪಿಗೂ ನಡುವೆ ನಿಲ್ಲಿಸಲು ಹೋದ. ಹಿಡಿಸಲಿಲ್ಲ. ದಾರಕ್ಕಿಂತ ಮೂರು ಬೆರಳು ಮೇಲೆ ನಿಂತಿತು. ಕೋಲನ್ನು ತಿರುಗಿಸಿ ಇಟ್ಟ. ಮತ್ತೆ ಅಷ್ಟೇ. ಕಲ್ಲಿನ ಗುರುತಿನ ಹತ್ತಿರ ಹೋಗಿ ದಾರ ಅಲ್ಲಿಯೇ ಇದೆಯೇ ಎಂದು ನೋಡಿ ಬಂದ. ಮಳೆ ಸುರಿಯುತ್ತಲೇ ಇತ್ತು. ಅವನು ಆ ಕೆಸರಿನಲ್ಲೇ ಕುಕ್ಕರಿಸಿದ.

“ನೆಲಾನ ಎದ್ದೈತಲ್ರಿ ಸಾಹೇಬ್ರ! ನಮ್ಮ ಗುಡ್ಡ ನನ್ನ ಜನ್ಮದಾಗ ಒಮ್ಮೆರ ಎದ್ದು ಕುಂತಿಲ್ರಿ. ನೆಲಾ ಏಳತೈತಿ ಅಂತ ಯಾವ ಗೌಂಡಿ ಕನಸು ಕಾಣ್ತಾನ?”

ಬಾಯಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಹಂಗಾರ ನೀವೂ ಸುಳ್ಳು ಹೇಳಿಲ್ಲ,” ಎಂದರು ಮೆಲ್ಲಗೆ.

“ನೀವೂ ಹೇಳಿಲ್ರಿ, ಬಾಯಾರ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗೆ ಆಗಲೇ ಗೆದ್ದಷ್ಟು ಹಿಗ್ಗು. ಆದರೆ ಹೊಸ ಹುಡುಗರಿಗೆ ಇದನ್ನು ಹೇಳಬೇಕು: ಕಾರಣ ಸಿಕ್ಕಿದ ಮಾತ್ರಕ್ಕೆ ಜಗಳ ಮುಗಿಯುವುದಿಲ್ಲ. ನಗು ಮುಗಿದ ಕೂಡಲೇ ಹೊಸ ಜಗಳ ಶುರುವಾಯಿತು. ಇನ್ನು ಇದನ್ನು ಕಿತ್ತು ಮತ್ತೆ ಹಾಕುವವರು ಯಾರು?

“ಮಣ್ಣು ನಿಮ್ಮದರಿ, ಬಾಯಾರ,” ಎಂದ ಫಕೀರಪ್ಪ ಎದ್ದು ನಿಂತು. “ನಾ ಹಾಕಿದ್ದು ಬರೋಬರಿ ಹಾಕೀನಿ. ನಿಮ್ಮ ನೆಲಾ ಕುಣದ್ರ ಅದಕ್ಕ ನಾ ಏನ್ ಮಾಡ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಸುಂದರಾಬಾಯಿ ಮುಂದೆ ಬಂದರು. ಸಿಟ್ಟಿರಲಿಲ್ಲ. ರೋಗಿಯ ಹತ್ತಿರ ಮಾತಾಡುವ ದನಿ.

“ಫಕೀರಪ್ನೋರ, ನಾ ಹಡಸೂ ಕೆಲಸದಾಕಿ. ಒಬ್ಬಾಕಿ ಬರ್ತಾಳ, ಕೂಸು ಅಡ್ಡ ತಿರುಗಿರ್ತೈತಿ. ‘ನಾ ಕಲತದ್ದು ಬರೋಬರಿ ಐತಿ, ಇದು ನಿನ್ನ ಹೊಟ್ಟಿ, ನಿನ್ನ ಕೂಸು, ಅದಕ್ಕ ನಾ ಏನ್ ಮಾಡ್ಲಿ’ ಅಂತ ಆಕಿಗೆ ಹೇಳ್ಲೇನು? ಕೈ ಹಚ್ಚಿದ ಮ್ಯಾಲೆ ಆ ಕೂಸು ನಂದ. ಹೊರಗ ತರೂತನಕ ನಂದ.”

ಫಕೀರಪ್ಪ ಕಾಲಿನ ಮಣ್ಣನ್ನು ಕೋಲಿನಿಂದ ಕೆರೆಯುತ್ತ ನಿಂತ. ಆಮೇಲೆ ಹೇಳಿದ: “ಮಳಿ ನಿಂದರ್ಲಿ. ಗರಸು ನಮ್ಮ ಗುಡ್ಡದಿಂದ ನಾ ತರ್ತೀನಿ. ನನ್ನ ಆಳು, ನನ್ನ ಕೆಲಸ. ಬಾಯಾರ, ನೀವು ರೊಟ್ಟಿ ಹಾಕ್ರಿ, ಸಾಕು.”

“ಎಣ್ಣಿಗಾಯಿ ಜೋಡೀನ ಹಾಕ್ತೀನಿ,” ಎಂದರು ಬಾಯಿಯವರು.

ನಾನು ಕಚೇರಿಗೆ ಹೋಗಿ ಎಲ್ಲ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಹಂಗಾರ ನೋಟೀಸು ಯಾರಿಗೆ ಕೊಡೂದು?”

“ಎರಿಮಣ್ಣಿಗೆ ಕೊಡ್ರಿ ಸರ್.”

ಕಾರಕೂನರೆಲ್ಲ ತಲೆ ತಗ್ಗಿಸಿ ನಕ್ಕರು. ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರನ್ನು ಮೆಚ್ಚಬೇಕು, ಕೆಲಸ ನಡೆಯುವಾಗ ಒಂದು ದಿನ ಖುದ್ದಾಗಿ ಬಂದು, ಪ್ಯಾಂಟು ಮಡಚಿಕೊಂಡು, ಅಗೆದ ಕಾಲುವೆಗೆ ಇಳಿದು ನೋಡಿದರು.

ಮಳೆ ಬಿಡುವು ಕೊಟ್ಟು ನೆಲ ಹಾರೆ ಹಿಡಿಯುವಂತಾದಾಗ ಗಜೇಂದ್ರಗಡದಿಂದ ಗಾಡಿಗಳು ಬಂದವು. ಕಪ್ಪು ನೆಲದ ನಮ್ಮ ಓಣಿಯಲ್ಲಿ ಕೆಂಪು ಗರಸಿನ ರಾಶಿ ಬಿದ್ದದ್ದನ್ನು ನೋಡಲು ಜನ ನೆರೆದರು. ಈ ಸಲ ಎರೆಮಣ್ಣನ್ನು ನಂಬಲಿಲ್ಲ. ಗಟ್ಟಿ ನೆಲ ಹತ್ತುವ ತನಕ ಅಗೆದು, ಕಪ್ಪು ಮಣ್ಣನ್ನೆಲ್ಲ ಹೊರಹಾಕಿ, ಗರಸು ತುಂಬಿ ಬಡಿದು, ಮೇಲೆ ಹಳ್ಳದ ಉಸುಕು ಹಾಸಿ ಪೈಪು ಮಲಗಿಸಿದೆವು. ಪಕ್ಕಕ್ಕೂ ಮೇಲಕ್ಕೂ ಉಸುಕು, ಗರಸು. ಸಂದುಗಳಿಗೆ ಬರೀ ಸಿಮೆಂಟು ಮೆತ್ತುವ ಬದಲು ಡಾಂಬರಿನಲ್ಲಿ ಅದ್ದಿದ ಸೆಣಬು ಸುತ್ತಿದೆವು. ಮಣ್ಣು ಅಕ್ಕಪಕ್ಕದಿಂದ ದೂಡಿದರೂ ಸಂದು ಸೀಳಬಾರದಲ್ಲ. ಪುಸ್ತಕದಲ್ಲಿ ಓದಿದ್ದು ಸ್ವಲ್ಪ, ಫಕೀರಪ್ಪನ ಕೈಚಳಕ ಸ್ವಲ್ಪ, ಉಳಿದದ್ದು ಅಲ್ಲಿಯೇ ನಿಂತು ವಾದ ಮಾಡಿ ಕಂಡುಕೊಂಡದ್ದು.

ಮುಂದೆ ನರಗುಂದಕ್ಕೆ ನನ್ನ ವರ್ಗವಾದಾಗ ಅಲ್ಲಿಯೂ ಇದೇ ಪದ್ಧತಿ ತಂದೆ. ಗುಡ್ಡದ ಬುಡದ ಓಣಿಗಳಿಗೆ ಬೇಕಾಗಲಿಲ್ಲ, ಎರೆನೆಲದ ಕಡೆಗೆ ಬೇಕಾಯಿತು. ಅಲ್ಲಿಯ ಅರಳೆ ವ್ಯಾಪಾರಿಯೊಬ್ಬರು “ಹೂತು ಮುಚ್ಚೂದಕ್ಕ ಗರಸು ಯಾಕ್ರಿ, ಮಣ್ಣ ಸಾಲದೇನು?” ಎಂದು ತಕರಾರು ತೆಗೆದಾಗ, ಕೆಲಸ ಹಿಡಿದಿದ್ದ ಫಕೀರಪ್ಪ ಅವರಿಗೆ ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ: “ಯಜಮಾನ್ರ, ನಿಮ್ಮ ಊರ ಮಣ್ಣು ಜೋಳಕ್ಕ ದೇವರು, ಪೈಪಿಗೆ ದೆವ್ವ.” ಎರೆನೆಲದಲ್ಲಿ ಕೆಲಸ ಎಂದರೆ ಜನ ಅವನನ್ನೇ ಹುಡುಕಿಕೊಂಡು ಹೋಗುವ ಕಾಲ ಅಷ್ಟರಲ್ಲಿ ಬಂದಿತ್ತು. ಆದರೆ ಅದಕ್ಕೂ ಮುಂಚೆ, ಪೈಪು ಹಾಕಿದ ವರ್ಷವೇ, ರೋಣದಲ್ಲಿ ಹಸ್ತ ಮಳೆಯ ಪರೀಕ್ಷೆ ಆಗಬೇಕಿತ್ತು. ಅದನ್ನು ಹೇಳದಿದ್ದರೆ ಇಷ್ಟು ಹೇಳಿದ್ದೂ ದಂಡ.

ಆ ವರ್ಷದ ಹಸ್ತ ಹುಚ್ಚು ಹಿಡಿದಂತೆ ಹೊಡೆಯಿತು. ದಿನಾ ಮಳೆ. ನೆಲ ಉಬ್ಬಿತು, ಹಿತ್ತಲಲ್ಲಿ ಕಾಲಿಟ್ಟರೆ ಹೊಸ ಹತ್ತಿಯ ಗಾದಿಯ ಮೇಲೆ ಇಟ್ಟಂತೆ ಆಗುತ್ತಿತ್ತು. ಫಕೀರಪ್ಪ ಊರಲ್ಲಿ ಕುಳಿತಿರಲಾಗದೆ ಕರೆಯದೆಯೇ ಬಂದು, ನನ್ನ ಮನೆಯಲ್ಲಿ ಇಳಿದುಕೊಂಡಿದ್ದ. ಒಂದು ಮುಂಜಾನೆ ಪುರ್ತಗೇರಿಯ ಕಡೆಯಿಂದ ಒಂದು ಸವಾರಿ ಗಾಡಿ ಬಂತು. ಬೇನೆ ತಿನ್ನುತ್ತಿದ್ದ ಸೊಸೆಯನ್ನು ಕರೆದುಕೊಂಡು ಒಬ್ಬ ವಯಸ್ಸಾದ ರೈತ ಬಂದಿದ್ದ. ಬೇನೆ ಬಿಟ್ಟು ಬಿಟ್ಟು ಬಂದು ಹುಡುಗಿ ಸೋತು ಹೋಗಿದ್ದಳು. ಬೇರೆ ದಾರಿಯಿಲ್ಲದೆ ದೋಷದ ಮನೆ ಎಂಬ ಮಾತು ಮರೆತು ಬಂದಿದ್ದರು.

ಸುದ್ದಿ ಕೇಳಿ ನಾನೂ ಫಕೀರಪ್ಪನೂ ಓಡಿದೆವು. ಆದರೆ ಒಳಗೆ ಹೋಗುವುದು ಹೇಗೆ? ಗಂಡಸರಿಗೆ ಆ ಖೋಲಿಯ ಹೊಸ್ತಿಲೂ ನಿಷೇಧ. ಖೋಲಿಯಲ್ಲಿ ನೀರು ಎದ್ದಿದೆಯೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹಿಂದಿನ ಓಣಿಯಲ್ಲಿ, ಪೈಪಿನ ಬಾಯಿಯ ಎದುರು, ಸುರಿಯುವ ಮಳೆಯಲ್ಲಿ ಕುಳಿತೆವು. ಪೈಪಿನಿಂದ ಏನೂ ಬರುತ್ತಿರಲಿಲ್ಲ. ಹೊತ್ತು ಹೋದಂತೆ ಫಕೀರಪ್ಪ ಪೈಪಿನ ಬಾಯಿಗೆ ಕಿವಿ ಹಚ್ಚಿದ. ಒಳಗೆ ಇನ್ನೂ ನೀರೇ ಹಾಕಿಲ್ಲವೋ, ಹಾಕಿದ ನೀರು ಹೊರಗೆ ಬರುತ್ತಿಲ್ಲವೋ?

ಗಾಡಿ ತಂದ ರೈತ ಚಡಪಡಿಸಿ ಅಡ್ಡಾಡುತ್ತ ನಮ್ಮ ಕಡೆ ಬಂದ. ಇಬ್ಬರು ಶಾಣ್ಯಾ ಮನುಷ್ಯರು ಗಟಾರಕ್ಕೆ ಕಣ್ಣು ನೆಟ್ಟು ಕೂತದ್ದು ಕಂಡು ಅವನಿಗೆ ದಿಗಿಲಾಯಿತು.

“ಏನ್ ಕಳಕೊಂಡೀರಿ, ಯಪ್ಪಾ?”

“ಏನಿಲ್ಲೋ ಯಜ್ಜಾ, ನೀರಿನ ಹಾದಿ ಕಾಯಾಕತ್ತೀವಿ,” ಎಂದ ಫಕೀರಪ್ಪ.

“ಇಷ್ಟು ಮಳಿ ಬೀಳಾಕತ್ತೈತಿ, ಇನ್ನೂ ನೀರು ಬೇಕಾ ನಿಮಗ?” ಎಂದು ಅವನೂ ನಮ್ಮ ಪಕ್ಕದಲ್ಲೇ ಕುಳಿತ.

ಆಗ ಪೈಪಿನ ಬಾಯಿಯಲ್ಲಿ ಹಬೆ ಕಂಡಿತು. ಮೊದಲು ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಆ ತಣ್ಣನೆಯ ಮಳೆಯಲ್ಲಿ ತೆಳ್ಳಗೆ, ಬೆಳ್ಳಗೆ ಹಬೆ. ಅದರ ಹಿಂದೆಯೇ ನೀರು ಬಂತು, ಬಿಸಿನೀರು, ಅರಿಸಿನದ ಬಣ್ಣದ್ದು, ಮೇಲೆ ಎಣ್ಣೆಯ ಹೊಳಪು. ನಿಲ್ಲಲಿಲ್ಲ, ಓಡಲಿಲ್ಲ, ತುಂಬಿದ ಧಾರೆಯಾಗಿ ಗಟಾರಕ್ಕೆ ಇಳಿಯಿತು. ಕೂಸಿಗೆ ಎರೆದ ಮೊದಲ ನೀರು!

ಫಕೀರಪ್ಪ ಕೊಪ್ಪೆ ಕಿತ್ತೊಗೆದು ಎದ್ದ. ರೈತನ ಎರಡೂ ಕೈ ಹಿಡಿದು ಕುಣಿದಂತೆ ಕುಲುಕಿದ.

“ಯಜ್ಜಾ, ಅಜ್ಜ ಆದಿ! ನಿನಗ ಮೊಮ್ಮಗ ಹುಟ್ಯಾನ!”

“ನಿನಗ್ಯಾರು ಹೇಳಿದ್ರೋ?” ಎಂದು ಮುದುಕ ಬೆಪ್ಪಾಗಿ ಕೇಳಿದ.

ಅಷ್ಟರಲ್ಲಿ ಕಿಟಕಿಯಿಂದ ಮಳೆಯ ಸದ್ದನ್ನೂ ಮೀರಿ ಮಗುವಿನ ಅಳು ಕೇಳಿತು. ಅದರ ಬೆನ್ನಿಗೇ ಸುಂದರಾಬಾಯಿಯವರ ದನಿ, ಇಡೀ ಓಣಿಗೆ ಕೇಳುವಂತೆ: “ಫಕೀರಪ್ನೋರ! ಮೊಮ್ಮಗ ಅಲ್ರೀ, ಮೊಮ್ಮಗಳು! ಇಬ್ರೂ ಅರಾಮ ಅದಾರ. ನನ್ನ ನೆಲಾ ಒಣಾ ಐತಿ!”